ಹಿಮ ಬೀಳೋ ಜಾಗದಲ್ಲಿ ಅಂಜೂರ ಬೆಳೆದ ನನ್ನ ಅನುಭವ

ಮೊದಲ ಚಳಿಗಾಲ ಕಳೆದ ಮೇಲೆ ನನ್ನ ಅಂಜೂರದ ಗಿಡ ನೋಡಿದ್ರೆ ಯಾರೇ ಆದ್ರೂ ಸತ್ತೋಗಿದೆ ಅಂತಾನೇ ಹೇಳ್ತಿದ್ರು. ಕೊಂಬೆ ಎಲ್ಲಾ ಬೂದು ಬಣ್ಣ, ಉಗುರಲ್ಲಿ ಕೆರೆದ್ರೆ ಒಳಗೆ ಚೂರೂ ಹಸಿರಿಲ್ಲ, ಪಕ್ಕದ ಗಿಡಗಳೆಲ್ಲಾ ಎಲೆ ಬಿಟ್ಟಾಗಿತ್ತು, ಇದು ಮಾತ್ರ ಒಣ ಕಡ್ಡಿ ಥರ ನಿಂತಿತ್ತು. ಗುದ್ದಲಿ ತಗೊಂಡು ಹೋಗಿ ಅದರ ಮುಂದೆ ನಿಂತೂ ಆಗಿತ್ತು, ಆಮೇಲೆ ಯಾಕೋ ಮನಸ್ಸು ಬರ್ಲಿಲ್ಲ, ಇನ್ನೊಂದು ಮೂರು ವಾರ ನೋಡೋಣ ಅಂತ ಬಿಟ್ಟೆ. ಮಣ್ಣು ಚೆನ್ನಾಗಿ ಬಿಸಿ ಆದ್ಮೇಲೆ ಬುಡದಿಂದ ನಾಲ್ಕು ಚಿಗುರು ಬಂತು ನೋಡಿ, ಅದೇ ವರ್ಷ ಆ ಚಿಗುರಲ್ಲೇ ಕಾಯಿನೂ ಕಚ್ತು.

ನಾನು ಹಾಕಿದ್ದು ಚಿಕಾಗೋ ಹಾರ್ಡಿ ಅನ್ನೋ ತಳಿ. ಇದರ ಕೊಂಬೆ ಸುಮಾರು ಮೈನಸ್ 12 ಡಿಗ್ರಿವರೆಗೆ ತಡ್ಕೊಳ್ಳುತ್ತೆ, ಅದಕ್ಕಿಂತ ಚಳಿ ಬಿದ್ರೆ ಮೇಲಿನ ಭಾಗ ಹೋಗುತ್ತೆ, ಬೇರು ಮಾತ್ರ ಮಣ್ಣೊಳಗೆ ಬೆಚ್ಚಗಿದ್ರೆ ಉಳ್ಕೊಳ್ಳುತ್ತೆ. ಅಂಜೂರದಲ್ಲಿ ಎರಡು ಬೆಳೆ ಇರುತ್ತೆ, ಹಳೇ ಕೊಂಬೆ ಮೇಲೆ ಬೇಗ ಬರೋದು ಬ್ರೆಬಾ, ಹೊಸ ಚಿಗುರಿನ ಮೇಲೆ ತಡವಾಗಿ ಬರೋದು ಮುಖ್ಯ ಬೆಳೆ. ಈ ತಳಿ ಹೊಸ ಚಿಗುರಲ್ಲೇ ಧಾರಾಳವಾಗಿ ಬಿಡೋದ್ರಿಂದ ಕೊಂಬೆ ಪೂರ್ತಿ ಸತ್ರೂ ಆ ವರ್ಷದ ಹಣ್ಣು ಸಿಗುತ್ತೆ, ಹಂಗಾಗಿ ನಾನು ಈಗ ಕೊಂಬೆ ಬಗ್ಗೆ ತಲೆ ಕೆಡಿಸ್ಕೊಳ್ಳಲ್ಲ, ಮಾಡೋದೆಲ್ಲಾ ಬೇರಿಗೋಸ್ಕರ.

ನೆಡುವಾಗ್ಲೇ ಕುಂಡದಲ್ಲಿ ಇದ್ದಿದ್ದಕ್ಕಿಂತ ಹತ್ತು ಸೆಂಟಿಮೀಟರ್ ಆಳಕ್ಕೆ ಇಳಿಸಿದ್ದೆ, ಮೇಲಿಂದು ಸತ್ರೂ ಮಣ್ಣೊಳಗಿನ ಕಣ್ಣು ಚಿಗುರಲಿ ಅಂತ. ಜಾಗ ಗೋಡೆ ಪಕ್ಕ, ದಿನಕ್ಕೆ ಏಳೆಂಟು ಗಂಟೆ ಬಿಸಿಲು, ಹಗಲು ಕಾದ ಗೋಡೆ ರಾತ್ರಿ ಗಿಡಕ್ಕೆ ಬಿಸಿ ಕೊಡುತ್ತೆ. ಎಲೆ ಉದುರಿದ ಮೇಲೆ ಕೊಂಬೆಗಳನ್ನ ಒಟ್ಟು ಸೇರಿಸಿ ಕಟ್ಟಿ, ಬುಡದ ಸುತ್ತ ಒಂದು ಅಡಿ ಎತ್ತರ ಒಣ ಎಲೆ ತುಂಬಿ, ಮೇಲೆ ಗೋಣಿ ಸುತ್ತೀನಿ. ಪ್ಲಾಸ್ಟಿಕ್ ಸುತ್ತಬೇಡಿ, ಬಿಸಿಲು ಬಂದಾಗ ಒಳಗೆ ಬೆವರಿ ಕೊಂಬೆಗೆ ಬೂಷ್ಟು ಹಿಡಿಯುತ್ತೆ, ನಂಗೆ ಒಂದ್ಸಲ ಹಂಗೇ ಆಗಿದೆ.

ಗೊಬ್ಬರದಲ್ಲೂ ಒಂದು ತಪ್ಪು ಮಾಡಿದ್ದೆ. ಎರಡನೇ ವರ್ಷ ಪ್ರೀತಿಯಿಂದ ನೈಟ್ರೋಜನ್ ಜಾಸ್ತಿ ಹಾಕ್ಬಿಟ್ಟೆ, ಗಿಡ ನನ್ನೆತ್ತರಕ್ಕೆ ಬೆಳೀತು, ಒಂದೊಂದು ಎಲೆ ತಟ್ಟೆಯಷ್ಟು, ಕಾಯಿ ಮಾತ್ರ ಬೆರಳೆಣಿಕೆ. ಈಗ ಬರೀ ಕಾಂಪೋಸ್ಟ್, ಪ್ರತಿ ಚಿಗುರಲ್ಲಿ ಐದಾರು ಎಲೆ ಬಂದ ತಕ್ಷಣ ತುದಿ ಚಿವುಟ್ತೀನಿ, ಆಮೇಲೆ ಗಿಡ ಕಾಯಿ ಕಡೆ ತಿರುಗುತ್ತೆ.

ಅತ್ತಿ ಹಣ್ಣು ಬಿಚ್ಚಿದ್ರೆ ಹುಳ ಅಂತಾರಲ್ಲ, ಅಂಜೂರನೂ ಅತ್ತಿ ಕುಲಾನೇ, ಆದ್ರೆ ಈ ತಳಿಗೆ ಆ ಹುಳ, ಅಂದ್ರೆ ಪುಟ್ಟ ಕಣಜ, ಬಂದು ಪರಾಗಸ್ಪರ್ಶ ಮಾಡೋದೇ ಬೇಕಾಗಿಲ್ಲ, ತಾನಾಗೇ ಹಣ್ಣಾಗುತ್ತೆ. ಧೈರ್ಯವಾಗಿ ತಿನ್ನಿ.

ಕೊಯ್ಲಲ್ಲಿ ನಿಜವಾದ ತಾಳ್ಮೆ ಬೇಕು. ಕಾಯಿ ಶುರುಲಿ ಬೇಗ ದಪ್ಪ ಆಗುತ್ತೆ, ಆಮೇಲೆ ವಾರಗಟ್ಟಲೆ ಕಲ್ಲಿನ ಥರ ಹಂಗೇ ಕೂತಿರುತ್ತೆ, ಏನೂ ಆಗ್ತಿಲ್ಲ ಅನ್ನೋ ಹೊತ್ತಿಗೆ ಕೊನೇ ಕೆಲವೇ ದಿನದಲ್ಲಿ ದಿಢೀರಂತ ಉಬ್ಬಿ ಬಣ್ಣ ತಿರುಗುತ್ತೆ. ಬಣ್ಣ ಬಂತು ಅಂತ ಕಿತ್ತು ನಾನು ಮೊದಲ ಬುಟ್ಟಿ ಪೂರ್ತಿ ಹಾಳ್ಮಾಡ್ಕೊಂಡೆ, ಯಾಕಂದ್ರೆ ಅಂಜೂರ ಕಿತ್ತ ಮೇಲೆ ಮಾವಿನ ಥರ ಮನೇಲಿ ಹಣ್ಣಾಗಲ್ಲ, ಮೆತ್ತಗಾದ್ರೂ ಸಿಹಿ ಬರಲ್ಲ. ನೋಡಬೇಕಾಗಿದ್ದು ಕತ್ತು. ಕಾಯಿ ನೆಟ್ಟಗಿದ್ರೆ ಇನ್ನೂ ಕಾಯಿನೇ, ಕತ್ತು ಸೋತು ತಲೆ ಕೆಳಗೆ ಹಾಕಿದ್ರೆ, ಸಿಪ್ಪೆ ಮೇಲೆ ಸಣ್ಣ ಬಿರುಕು ಮೂಡಿದ್ರೆ, ಮೆಲ್ಲಗೆ ಒತ್ತಿದಾಗ ನೀರು ತುಂಬಿದ ಚೀಲದಂಗೆ ಅನ್ಸಿದ್ರೆ ಆಗ ಹಣ್ಣು. ತೊಟ್ಟಲ್ಲಿ ಬಿಳಿ ಹಾಲು ಧಾರೆಯಾಗಿ ಬಂದ್ರೆ ಆತುರ ಪಟ್ರಿ ಅಂತ. ಆ ಹಾಲು ಮೈಗೆ ತಾಗಿ ಬಿಸಿಲು ಬಿದ್ರೆ ಚರ್ಮ ಸುಟ್ಟಂಗೆ ಬೊಬ್ಬೆ ಏಳಬಹುದು, ತುಂಬು ತೋಳಿನ ಅಂಗಿ, ಗ್ಲೌಸ್ ಹಾಕ್ಕೊಂಡೇ ಹೋಗಿ. ಹಣ್ಣಾಗೋ ಹೊತ್ತಿಗೆ ನೀರು ಒಂದೇ ಸಮ ಇರ್ಲಿ, ಒಣಗಿಸಿ ಒಮ್ಮೆಲೆ ಸುರಿದ್ರೆ ಹಣ್ಣು ಸೀಳಿ ಕೆಳಗಿನ ಕಣ್ಣಿಂದ, ಅಂದ್ರೆ ಹಣ್ಣಿನ ತುದೀಲಿರೋ ಸಣ್ಣ ತೂತಿಂದ, ಇರುವೆ ಒಳಗೆ ಹೋಗುತ್ತೆ.

ಋತು ಕೊನೇಲಿ ಇನ್ನೂ ಹಸಿರಾಗಿ ಉಳಿದ ದಪ್ಪ ಕಾಯಿಗಳಿಗೆ ಒಂದು ಹಳೇ ಉಪಾಯ ಇದೆ, ಕೆಳಗಿನ ಕಣ್ಣಿಗೆ ಒಂದೇ ತೊಟ್ಟು ಆಲಿವ್ ಎಣ್ಣೆ ಸವರೋದು. ತೀರಾ ಎಳೇದಕ್ಕೆ ಮಾಡಿದ್ರೆ ಪ್ರಯೋಜನ ಇಲ್ಲ, ಹಣ್ಣಾಗೋಕೆ ಇನ್ನೇನು ಸ್ವಲ್ಪ ದಿನ ಇದೆ ಅನ್ನೋದಕ್ಕೆ ಮಾತ್ರ. ಹೋದ ವರ್ಷ ಹದಿನಾಲ್ಕು ಕಾಯಿಗೆ ಸವರಿದ್ದೆ, ಸಣ್ಣ ಕಾಯಿನೆಲ್ಲಾ ತೆಗೆದು ಹಾಕಿದ್ದೆ, ಹಿಮ ಬೀಳೋಕೆ ಎರಡು ದಿನ ಮುಂಚೆ ಹನ್ನೊಂದು ಹಣ್ಣು ಕೈಗೆ ಬಂತು, ಒಳಗೆ ಜೇನಿನ ಥರ ಕೆಂಪಗೆ.