ಸಿಪಾಯಪ್ಪನ ಕಲ್ಲು ಓದಿದ್ದು

'ಈ ಕಲ್ಲು ಓದಲಿಕ್ಕೆ ಬರೋದಿಲ್ಲ' ಅಂತ ಮೂವರು ಹೇಳಿ ಹೋಗಿದ್ದರು. ಅವರಲ್ಲಿ ಒಬ್ಬರು ಶಾಸನ ಓದಿ ಪಳಗಿದವರು. ಕೊನೆಗೆ ಓದಿದ್ದು ಗದಗದಲ್ಲಿ ಶಂಕುಸ್ಥಾಪನೆ ಕಲ್ಲು ಕೊರೆಯುವ ನಾನು. ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಹಳ್ಳಿಯವರು ಅದಕ್ಕೆ ಸಿಪಾಯಪ್ಪ ಅಂತಾರೆ. ಸೊಂಟದೆತ್ತರದ ಬಳಪದ ಕಲ್ಲು. ಅಮಾವಾಸ್ಯೆಗೊಮ್ಮೆ ಎಣ್ಣೆ, ಜಾತ್ರೆಗೊಮ್ಮೆ ಆಯಿಲ್ ಪೇಂಟು. ಪಕ್ಕದಲ್ಲೇ ಹಳೇ ವೀರಗಲ್ಲಿದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ. ಅಕ್ಷರ ಬಾರದವರಿಗೂ ತಿಳಿಯುತ್ತೆ. ಸಿಪಾಯಪ್ಪನದು ಬರೀ ಅಕ್ಷರ, ಅದೂ ಬಣ್ಣದಡಿ.

ಮೊದಲ ದಿನವೇ ತಪ್ಪು ಮಾಡಿದೆ. ಮೂಲೆಯಲ್ಲಿ ತಂತಿ ಬ್ರಷ್ ಆಡಿಸಿದೆ. ಬಳಪದ ಕಲ್ಲು ಉಗುರಿಗೂ ಗೀರಾಗುತ್ತೆ, ಗೊತ್ತಿದ್ದೂ ಮಾಡಿದೆ. ಆ ಗೀರು ಇವತ್ತಿಗೂ ಇದೆ. ಆಮೇಲೆ ಪೇಂಟ್ ರಿಮೂವರ್ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಿದಿರಿನ ಕಡ್ಡಿಯಿಂದ ಎಬ್ಬಿಸಿದೆ. ಎಂಟೋ ಒಂಬತ್ತೋ ಪದರ. ಡಬ್ಬಿಗೇ ಸಾವಿರದ ಇನ್ನೂರರ ಹತ್ತಿರ ಹೋಯಿತು. ಒಳಗಿಳಿದ ಎಣ್ಣೆ ಎಳೆಯಲು ಮುಲ್ತಾನಿ ಮಿಟ್ಟಿ ಲೇಪ ಹಾಕಿದೆ. ಅದರಲ್ಲಿ ಏನು ಕಲಸುತ್ತೇನೆ ಅಂತ ಕೇಳಬೇಡಿ, ನನ್ನ ಹೊಟ್ಟೆಪಾಡು.

ನಡುವೆ ಅಕ್ಷರ ಎದ್ದು ಕಾಣಲಿ ಅಂತ ಗೋಧಿಹಿಟ್ಟು ತುಂಬಿ ನೋಡಿದೆ. ರಾತ್ರಿ ಇರುವೆ, ಬೆಳಿಗ್ಗೆ ಆಡು. ಅದನ್ನು ತೊಳೆಯಲು ಅರ್ಧ ದಿನ ಹೋಯಿತು.

ಓದಿದ್ದು ರಾತ್ರಿ, ಅಡ್ಡ ಬಿಟ್ಟ ಬ್ಯಾಟರಿ ಬೆಳಕಲ್ಲಿ. ಎಡಕ್ಕೆ ಕಟ್ಟೆಯ ಗೋಡೆ, ಬ್ಯಾಟರಿ ಹಿಡಿಯಲು ಜಾಗವೇ ಇಲ್ಲ. ಮೇಲಿಂದ ಬಿಟ್ಟರೆ ಅಡ್ಡಗೆರೆ ಮಾತ್ರ ಕಾಣುತ್ತೆ, ನಿಂತ ಗೆರೆ ಮಾಯ. ಗಡ್ಡ ಬೋಳಿಸೋ ಕನ್ನಡಿ ಗೋಡೆಗೆ ಆನಿಸಿ ಬೆಳಕು ತಿರುಗಿಸಿದೆ. ಹಿಂದಿನವರು ಫೋಟೋ ನೋಡಿ ಪಲ್ಟನ್ (ಸೇನೆಯ ತುಕಡಿ) ನಂಬರ್ 105 ಅಂದಿದ್ದರು. ಐದರ ನಿಂತ ಗೆರೆ ಅಂದುಕೊಂಡಿದ್ದು ಪೇಂಟಿನ ಸೋರಿಕೆ! ಬಣ್ಣ ಹೋದ ಮೇಲೆ ಅಲ್ಲಿ ಬರೀ ನುಣುಪು ಕಲ್ಲು. 103.

ಯುದ್ಧದಲ್ಲಿ ಸತ್ತವರ ದಾಖಲೆ ಇಡುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ, 105ನೇ ಪಲ್ಟನ್ ಅಂತ ಹುಡುಕಿದರೆ ಕಲ್ಲಿನಲ್ಲಿದ್ದ ಸಿಪಾಯಿ ನಂಬರ್ ಸಿಕ್ಕಿರಲಿಲ್ಲ. 103ನೇ ಮರಾಠಾ ಪಲ್ಟನ್ ಅಂತ ಹುಡುಕಿದರೆ ಸಿಕ್ಕಿತು. ಸತ್ತದ್ದು ನವೆಂಬರ್ 1915, ಮೊದಲ ಮಹಾಯುದ್ಧದಲ್ಲಿ ಬಗ್ದಾದಿನ ಹತ್ತಿರ ಬ್ರಿಟಿಷ್ ಸೇನೆಗೂ ತುರ್ಕರಿಗೂ ನಡೆದ ಟೆಸಿಫೋನ್ ಕಾಳಗದ ದಿನಗಳು. ಆ ಪಲ್ಟನ್‌ನಲ್ಲಿ ಉಳಿದವರು ಮುಂದೆ ಅಲ್ಲೇ ಇರಾಕಿನ ಕೂಟ್ ಊರಿನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದು 1916ರ ಏಪ್ರಿಲ್ 29ಕ್ಕೆ ಶರಣಾದರು. ಆ ಕಾಳಗಗಳಲ್ಲಿ ಸತ್ತವರಿಗಾಗಿ ಇರಾಕಿನಲ್ಲಿರುವ ಬಸ್ರಾ ಸ್ಮಾರಕದ ಗೋಡೆಯಲ್ಲಿ ನಮ್ಮ ಸಾಮಾನ್ಯ ಸಿಪಾಯಿಗಳ ಹೆಸರು ಕೊರೆದಿಲ್ಲ, ಪಲ್ಟನ್‌ಗೆ ಇಷ್ಟು ಜನ ಅನ್ನೋ ಲೆಕ್ಕ ಅಷ್ಟೇ. ಅಂದರೆ ಈ ಸಿಪಾಯಿಯ ಹೆಸರು ಕಲ್ಲಿನಲ್ಲಿ ಇರೋದು ಈ ಹಳ್ಳಿಯಲ್ಲಿ ಮಾತ್ರ, ಅದೂ ಕನ್ನಡದಲ್ಲಿ. ಮನೆಯವರು ಬೇಡ ಅಂದಿದ್ದಕ್ಕೆ ಇಲ್ಲಿ ಹೆಸರು ಹಾಕಿಲ್ಲ.

ಒಟ್ಟು ಖರ್ಚು ಆರು ಸಾವಿರದ ಮೇಲೆ. ಊರವರು ಎರಡು ಸಾವಿರ ಕೂಡಿಸಿ ಕೊಟ್ಟರು. ನನ್ನ ಕೂಲಿ ಹಿಡಿದಿಲ್ಲ.

ಆ ಸಿಪಾಯಿಯ ಮೊಮ್ಮಗನ ಹೆಂಡತಿ, ಎಪ್ಪತ್ತು ದಾಟಿದ ಅಜ್ಜಿ, ಹಾಲಿನ ಗಡಿಗೆಗೆ ಮುಚ್ಚುತ್ತಿದ್ದ ಕಂಚಿನ ಬಿಲ್ಲೆ ತಂದು ತೋರಿಸಿದರು. ಅಂಗೈಗಿಂತ ಅಗಲ. ಯುದ್ಧದಲ್ಲಿ ಸತ್ತವರ ಮನೆಗೆ ಬ್ರಿಟಿಷರು ಕಳಿಸುತ್ತಿದ್ದ ಬಿಲ್ಲೆ ಅದು. ಸವೆದ ಹೆಸರಿನ ಮೇಲೆ ಬೆರಳಾಡಿಸಿ ಓದಿದೆ. ಕಲ್ಲಿನ ಹೆಸರೇ.

'ತಮ್ಮಾ, ಇನ್ನ ಮ್ಯಾಲೆ ಎಣ್ಣಿ ಹಾಕಬಾರದೇನು?' ಅಂದರು.

'ಕಲ್ಲಿಗೆ ಬ್ಯಾಡಬೇ, ದೀಪಕ್ಕ ಹಾಕ್ರಿ' ಅಂದೆ.

ಹೋದ ಅಮಾವಾಸ್ಯೆಗೆ ಹೋಗಿ ನೋಡಿದೆ. ಕಲ್ಲು ಒಣಗಿತ್ತು. ಬುಡದಲ್ಲೊಂದು ಹಣತೆ ಉರಿಯುತ್ತಿತ್ತು, ಕೆಳಗೆ ತಟ್ಟೆಯ ಹಾಗೆ ಆ ಬಿಲ್ಲೆ.