ಎಮರ್ಜೆನ್ಸಿ ಪ್ಯಾರಾಮೆಡಿಕ್ ಡಿಪ್ಲೊಮಾ ಓದುವವರಿಗೆ: ಪುಸ್ತಕದಲ್ಲಿದ್ದದ್ದು ಕೈಗೆ ಬರುವ ಹಾಗೆ ಓದುದು ಹೇಗೆ

ಅಡ್ಮಿಷನ್ ಸುರುವಾಯ್ತು ಅಂದ್ರೆ ನನ್ನ ಫೋನಿಗೆ ಒಂದೇ ತರದ ಮೆಸೇಜ್ ಬರ್ಲಿಕ್ಕೆ ಸುರು. "ಅಣ್ಣ, ಎಮರ್ಜೆನ್ಸಿ ಡಿಪ್ಲೊಮಾಕ್ಕೆ ಸೇರಿದ್ದೇನೆ, ನಾನು ಹತ್ತನೇವರೆಗೆ ಕನ್ನಡ ಮೀಡಿಯಂ, ಇಲ್ಲಿ ಪುಸ್ತಕ ಎಲ್ಲ ಇಂಗ್ಲಿಷಲ್ಲಿ ಉಂಟು, ಎಂತ ಮಾಡುದು?" ಬೈಂದೂರಿನಿಂದ ಸುಳ್ಯದವರೆಗೆ ಎಲ್ಲ ಕಡೆಯ ಮಕ್ಕಳದ್ದೂ ಇದೇ ಪ್ರಶ್ನೆ. ನಾನೂ ಕನ್ನಡ ಮೀಡಿಯಂನಿಂದಲೇ ಬಂದವ, ಈಗ ಉಡುಪಿ ಮಂಗಳೂರು ಮಧ್ಯೆ ಆಂಬುಲೆನ್ಸಿನಲ್ಲಿ ಓಡಾಡುವವ, ಹಾಗಾಗಿ ಒಬ್ಬೊಬ್ಬರಿಗೆ ಟೈಪ್ ಮಾಡಿದ್ದನ್ನೆಲ್ಲ ಒಟ್ಟು ಸೇರಿಸಿ ಇಲ್ಲಿ ಬರೀತಿದ್ದೇನೆ.

ಇನ್ನೂ ಸೇರದವರು ಮೊದಲು ಇದನ್ನು ಓದಿ. ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್), ಎಸಿಎಲ್‌ಎಸ್ (ಹೃದಯ ನಿಂತವರಿಗೆ ಮಾಡುವ ಅಡ್ವಾನ್ಸ್ಡ್ ಲೈಫ್ ಸಪೋರ್ಟ್) ಅಂತ ಒಂದೆರಡು ದಿನದ ಟ್ರೈನಿಂಗ್ ಕಾರ್ಡ್ ಬೇರೆ, ಡಿಪ್ಲೊಮಾ ಬೇರೆ. ಆ ಕಾರ್ಡಿಗೆ 2 ವರ್ಷ ಮಾತ್ರ ವ್ಯಾಲಿಡಿಟಿ, ಅದು ಡಿಪ್ಲೊಮಾದ ಜೊತೆಗೆ ಬೇಕು, ಅದೇ ಡಿಪ್ಲೊಮಾ ಅಲ್ಲ. ಕಾಲೇಜಿಗೆ ಹೋಗಿ ಫೀಸ್ ಕೇಳುವ ಮೊದಲು ಮೂರು ವಿಷಯ ಕೇಳಿ: ಸರ್ಟಿಫಿಕೇಟ್ ಕೊಡುದು ಯಾವ ಬೋರ್ಡ್ ಅಥವಾ ಯೂನಿವರ್ಸಿಟಿ, ಕ್ಯಾಶುವಲ್ಟಿ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಆಂಬುಲೆನ್ಸ್ ಪೋಸ್ಟಿಂಗ್ ಎಷ್ಟು ದಿನ. ಮೂರನೇದಕ್ಕೆ ಸರಿ ಉತ್ತರ ಬರದಿದ್ರೆ ನಾನಾದ್ರೆ ಅಲ್ಲಿ ಸೇರುದಿಲ್ಲ. 2021ರಲ್ಲಿ ಬಂದ ಅಲೈಡ್ ಹೆಲ್ತ್‌ಕೇರ್ ಕಾನೂನಿನ ನಂತರ ಮಾನ್ಯತೆಯ ಪ್ರಶ್ನೆ ಇನ್ನೂ ಗಟ್ಟಿಯಾಗಿದೆ, ಬಾಯಿಮಾತಿಗೆ ನಂಬ್ಬೇಡಿ, ಲೆಟರ್ ತೋರಿಸ್ಲಿಕ್ಕೆ ಹೇಳಿ.

ಈಗ ಇಂಗ್ಲಿಷಿನ ವಿಷಯ. ಮೆಡಿಕಲ್ ಶಬ್ದ ಇಂಗ್ಲಿಷ್ ಮೀಡಿಯಂನವರಿಗೂ ಹೊಸದೇ, ಅದು ಹೆಚ್ಚಾಗಿ ಗ್ರೀಕ್ ಮತ್ತೆ ಲ್ಯಾಟಿನ್. ಇಡೀ ಶಬ್ದ ಬಾಯಿಪಾಠ ಮಾಡ್ಬೇಡಿ, ತುಂಡು ಮಾಡಿ. ಟ್ಯಾಕಿ ಅಂದ್ರೆ ಜೋರು, ಬ್ರಾಡಿ ಅಂದ್ರೆ ನಿಧಾನ, ಕಾರ್ಡಿಯಾ ಅಂದ್ರೆ ಹೃದಯ, ಪ್ನಿಯಾ ಅಂದ್ರೆ ಉಸಿರು, ಹೈಪೋ ಕಡಿಮೆ, ಹೈಪರ್ ಜಾಸ್ತಿ, ಹೀಮೊ ರಕ್ತ, ನ್ಯೂಮೊ ಗಾಳಿ, ಥೊರಾಕ್ಸ್ ಎದೆಗೂಡು. ಇಷ್ಟರಲ್ಲೇ ಟ್ಯಾಕಿಕಾರ್ಡಿಯಾ, ಬ್ರಾಡಿಪ್ನಿಯಾ, ಹೀಮೊಥೊರಾಕ್ಸ್, ನ್ಯೂಮೊಥೊರಾಕ್ಸ್ ಎಲ್ಲ ತನ್ನಿಂದ ತಾನೇ ಅರ್ಥ ಆಯ್ತಲ್ಲ. ಇಂಥ ಒಂದು ನಲ್ವತ್ತು ತುಂಡು ಸಣ್ಣ ನೋಟ್‌ಬುಕ್ಕಲ್ಲಿ ಕನ್ನಡದಲ್ಲೇ ಬರ್ಕೊಂಡು ಬಸ್ಸಲ್ಲಿ ಓದಿ. ಮೊದಲ ತಿಂಗಳು ಇದಕ್ಕೇ ಕೊಡಿ, ಉಳಿದದ್ದೆಲ್ಲ ಆಮೇಲೆ ಹಗುರ ಆಗ್ತದೆ.

ಅನಾಟಮಿಯನ್ನು ಚಿತ್ರ ನೋಡಿ ಓದುದಕ್ಕಿಂತ ಮೈಮೇಲೆ ಮುಟ್ಟಿ ಓದಿ. ಕುತ್ತಿಗೆಯ ಪಲ್ಸ್, ಮಣಿಕಟ್ಟಿನದ್ದು, ಮೊಣಕೈ ಒಳಭಾಗದ್ದು, ಪಾದದ ಮೇಲಿನದ್ದು, ಎಲ್ಲ ನಿಮ್ಮದೇ ಮೈಯಲ್ಲಿ ಹುಡುಕಿ (ಎರಡೂ ಬದಿಯ ಕುತ್ತಿಗೆ ಪಲ್ಸ್ ಒಟ್ಟಿಗೆ ಒತ್ಬೇಡಿ, ಯಾರದ್ದೇ ಆಗ್ಲಿ). ಬಿಪಿ ನಾನು ಕಲ್ತದ್ದು ಅಜ್ಜಿಯ ಕೈಯಲ್ಲಿ, ದಿನಾ ಸಂಜೆ ಚಾ ಆದ ಮೇಲೆ ಚಾವಡಿಯಲ್ಲಿ ಕೂತು, ಅವರ ಚರ್ಮ ಎಷ್ಟು ತೆಳು ಅಂದ್ರೆ ಕಫ್ ಬಿಚ್ಚಿದ ಮೇಲೆ ಅದರ ಗುರುತು ಸುಮಾರು ಹೊತ್ತು ಹಾಗೇ ಇರ್ತಿತ್ತು. ಅಲ್ಲಿ ಸರಿಯಾಗಿ ಕೇಳ್ತಿದ್ದ ಶಬ್ದ ಓಡುವ ಗಾಡಿಯಲ್ಲಿ ಕೇಳ್ಲೇ ಇಲ್ಲ. ಹೈವೇಯಲ್ಲಿ ಸೈರನ್ ಹಾಕ್ಕೊಂಡು ಹೋಗುವಾಗ ಸ್ಟೆತಸ್ಕೋಪಲ್ಲಿ ಇಂಜಿನ್ ಬಿಟ್ರೆ ಬೇರೆ ಎಂತದೂ ಕೇಳುದಿಲ್ಲ. ಆಗ ಮಣಿಕಟ್ಟಿನ ಪಲ್ಸ್ ಹಿಡ್ಕೊಂಡು ಕಫ್ ಊದಿ, ಗಾಳಿ ಬಿಡುವಾಗ ಪಲ್ಸ್ ವಾಪಾಸ್ ಬೆರಳಿಗೆ ಸಿಕ್ಕಿದ ಜಾಗವೇ ಮೇಲಿನ ಬಿಪಿ. ಕೆಳಗಿನದ್ದು ಸಿಗುದಿಲ್ಲ, ಪರವಾಗಿಲ್ಲ. ಪೇಶಂಟಿನ ಕೈ ಸ್ಟ್ರೆಚರ್ ರಾಡಿಗೆ ತಾಗದ ಹಾಗೆ ನಿಮ್ಮ ತೊಡೆ ಮೇಲೆ ಇಟ್ಕೊಳ್ಳಿ. ಎರಡೂ ವಿಧಾನ ಈಗಲೇ ಕಲೀರಿ.

ಪ್ರೈಮರಿ ಸರ್ವೆ, ಅಂದ್ರೆ ಪೇಶಂಟನ್ನು ಮೊದಲು ನೋಡುವ ಎಬಿಸಿಡಿಇ ಕ್ರಮ (ಉಸಿರಿನ ದಾರಿ, ಉಸಿರು, ರಕ್ತದ ಓಟ, ಪ್ರಜ್ಞೆ, ಬಟ್ಟೆ ಸರಿಸಿ ಇಡೀ ಮೈ), ಇದನ್ನು ಓದುದಲ್ಲ, ಬಾಯಿಬಿಟ್ಟು ಹೇಳುದು. ತಮ್ಮನೋ ತಂಗಿಯೋ ಇದ್ರೆ ನೆಲದಲ್ಲಿ ಮಲಗಿಸಿ, ಜಾಗ ಸೇಫ್ ಉಂಟಾ, ಗ್ಲೌಸ್ ಹಾಕಿದ್ದೇನಾ, ಕರೆದ್ರೆ ಮಾತಾಡ್ತಾನಾ, ಬಾಯಿಯಲ್ಲಿ ಎಂತಾದ್ರೂ ಸಿಕ್ಕಿಕೊಂಡಿದೆಯಾ, ಎದೆ ಎರಡೂ ಬದಿ ಏಳ್ತದಾ, ರಕ್ತ ಎಲ್ಲಿಂದ ಹೋಗ್ತಿದೆ ಅಂತ ಕೈಯೂ ಬಾಯಿಯೂ ಒಟ್ಟಿಗೆ ಓಡ್ಬೇಕು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನೀವು ಮನಸ್ಸಲ್ಲಿ ನೋಡಿದ್ದಕ್ಕೆ ಮಾರ್ಕ್ ಇಲ್ಲ, ಎಕ್ಸಾಮಿನರಿಗೆ ಕೇಳಿದ್ರೆ ಮಾತ್ರ ಮಾರ್ಕ್.

ಸಿಪಿಆರ್ ಡಮ್ಮಿ ಮೇಲೆ ಮಾತ್ರ, ಜೀವಂತ ಇರುವವರ ಎದೆ ಒತ್ತಿ ಪ್ರಾಕ್ಟೀಸ್ ಮಾಡ್ಲೇಬಾರ್ದು. ನಿಮಿಷಕ್ಕೆ 100ರಿಂದ 120, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, 30 ಒತ್ತಿದ ಮೇಲೆ 2 ಉಸಿರು, ಇದು ಎಲ್ಲರಿಗೂ ಬಾಯಿಗೆ ಬರ್ತದೆ. ಆದ್ರೆ ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕಿ ನೋಡಿ, 30 ಒತ್ತುದು 15ರಿಂದ 18 ಸೆಕೆಂಡಲ್ಲಿ ಮುಗೀಬೇಕು, ನಮ್ಮ ಬ್ಯಾಚಿನಲ್ಲಿ ಸುರುವಿಗೆ ಹೆಚ್ಚಿನವರದ್ದು 12 ಸೆಕೆಂಡಿಗೇ ಮುಗಿತಿತ್ತು, ಗಾಬರಿಗೆ ಜೋರಾಗ್ತದೆ, ಜೋರಾದ್ರೆ ಆಳ ಹೋಗುದಿಲ್ಲ, ಎದೆ ಪೂರ್ತಿ ಮೇಲೆ ಬರುದಿಲ್ಲ, ಹೃದಯಕ್ಕೆ ರಕ್ತ ತುಂಬ್ಲಿಕ್ಕೆ ಟೈಮ್ ಸಿಗುದಿಲ್ಲ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗ್ಬೇಕು, ಸುಸ್ತಾಗಿಲ್ಲ ಅಂತ ಅನಿಸಿದ್ರೂ ಬದಲಾಗಿ.

ಗ್ಲಾಸ್ಗೋ ಕೋಮಾ ಸ್ಕೇಲ್, ಅಂದ್ರೆ ಪ್ರಜ್ಞೆ ಎಷ್ಟು ಉಂಟು ಅಂತ ಅಳೆಯುವ ಲೆಕ್ಕ, ಪ್ರತಿ ಪರೀಕ್ಷೆಯಲ್ಲೂ ಬರ್ತದೆ. ಕಣ್ಣಿಗೆ 4, ಮಾತಿಗೆ 5, ಕೈಕಾಲಿಗೆ 6, ಒಟ್ಟು 15, ಕನಿಷ್ಠ 3, ಸೊನ್ನೆ ಅಂತ ಇಲ್ಲ. 8 ಅಥವಾ ಕಡಿಮೆ ಬಂದ್ರೆ ಅವರ ಉಸಿರಿನ ದಾರಿ ಅವರಿಂದಲೇ ಕಾಪಾಡ್ಕೊಳ್ಳಿಕ್ಕೆ ಆಗ್ಲಿಕ್ಕಿಲ್ಲ ಅಂತ ಲೆಕ್ಕ. ಆದ್ರೆ ನಮ್ಮ ಊರಲ್ಲಿ ಇದಕ್ಕೆ ಇನ್ನೊಂದು ಪಾಠ ಉಂಟು. ಪೋಸ್ಟಿಂಗಿನಲ್ಲಿ ನನ್ನ ಜೊತೆ ಘಟ್ಟದ ಮೇಲಿನ ಹುಡುಗ ಒಬ್ಬ ಇದ್ದ, ಬೈಕಿಂದ ಬಿದ್ದ ಹಿರಿಯರೊಬ್ಬರನ್ನು ನೋಡಿ ಮಾತಿಗೆ 2 ಅಂತ ಬರೆದ, ಅರ್ಥ ಇಲ್ಲದ ಶಬ್ದ ಮಾಡ್ತಿದ್ದಾರೆ ಅಂತ. ಅವರು ಸ್ಪಷ್ಟವಾಗಿ ಬ್ಯಾರಿ ಭಾಷೆಯಲ್ಲಿ ಮಗನ ನಂಬರ್ ಹೇಳ್ತಿದ್ರು! ಪಕ್ಕದ ಬೆಡ್ಡಿನವರು ಹೇಳಿದ ಮೇಲೆ ಅದು 5 ಆಯ್ತು. ಹಾಗಾಗಿ ಹೊರಗಿಂದ ಬಂದು ಇಲ್ಲಿ ಓದುವವರು ನಾಲ್ಕು ಮಾತು ಕಲೀಲೇಬೇಕು. ತುಳುವಿನಲ್ಲಿ ಎಂಚಿನ ಆಂಡ್ ಅಂದ್ರೆ ಎಂತ ಆಯ್ತು, ತರೆ ಅಂದ್ರೆ ತಲೆ, ತಿಗಲೆ ಅಂದ್ರೆ ಎದೆ, ಬಂಜಿ ಅಂದ್ರೆ ಹೊಟ್ಟೆ, ಬೇನೆ ಅಂದ್ರೆ ನೋವು. ಅಜ್ಜ ತಿಗಲೆ ಬೇನೆ ಅಂದಾಗ ನೀವು ಹೊಟ್ಟೆ ಮುಟ್ಟಿ ನೋಡ್ತಾ ಕೂತ್ರೆ ಇಸಿಜಿಗೆ ಲೇಟ್ ಆಗ್ತದೆ. ಇಸಿಜಿಯ ಕೈಕಾಲಿನ ಲೀಡಿಗೆ ಬಲಗೈ ಕೆಂಪು, ಎಡಗೈ ಹಳದಿ, ಎಡಗಾಲು ಹಸಿರು, ಬಲಗಾಲು ಕಪ್ಪು, ನೂರು ಸಲ ಹಾಕಿ ತೆಗೀರಿ.

ಲೆಕ್ಕ ಅಂದ್ರೆ ಹೆದರುವವರಿಗೆ ಆಕ್ಸಿಜನ್ ಲೆಕ್ಕ ಒಂದು ಹೇಳ್ತೇನೆ. ಬಿ ಟೈಪ್ ಸಿಲಿಂಡರ್ ಫುಲ್ ಇದ್ರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಕೊಟ್ರೆ 150 ನಿಮಿಷ. ಗೇಜ್ ಅರ್ಧದಲ್ಲಿದ್ರೆ 75 ನಿಮಿಷ, ಕಾಲಿಗೆ ಬಂದಿದ್ರೆ 37 ನಿಮಿಷ. ಕುಂದಾಪುರದಿಂದ ಮಣಿಪಾಲಕ್ಕೆ ಮಳೆಗಾಲದಲ್ಲಿ ಟ್ರಾಫಿಕ್ ಸೇರಿಸಿ ಎಷ್ಟು ಹೊತ್ತು ಬೇಕು ಅಂತ ನೀವೇ ಲೆಕ್ಕ ಹಾಕಿ. ನಾನು ಹೊಸದರಲ್ಲಿ ಒಮ್ಮೆ ಗೇಜ್ ನೋಡದೆ ಹೊರಟಿದ್ದೆ, ದಾರಿಯಲ್ಲಿ ಮುಳ್ಳು ಕೆಳಗಿಳಿಯುದನ್ನು ನೋಡ್ತಾ ಕೂತ ಆ ಇಪ್ಪತ್ತು ನಿಮಿಷ ಇವತ್ತಿಗೂ ಮರೆತಿಲ್ಲ. ಪೇಶಂಟಿಗೆ ತೊಂದರೆ ಆಗ್ಲಿಲ್ಲ, ಅದು ದೇವರ ದಯೆ.

ಮದ್ದಿನ ಪೇಪರಿಗೆ ಒಂದೊಂದು ಮದ್ದಿಗೆ ಒಂದು ಕಾರ್ಡ್ ಮಾಡಿ: ಯಾಕೆ, ಎಷ್ಟು, ಯಾವ ದಾರಿಯಲ್ಲಿ, ಯಾರಿಗೆ ಕೊಡ್ಬಾರ್ದು. ಅಡ್ರಿನಲಿನ್ ಒಂದು ಆಂಪ್ಯೂಲಿನಲ್ಲಿ 1 ಮಿಲಿಗ್ರಾಂ. ಹೃದಯ ನಿಂತವರಿಗೆ ಪೂರ್ತಿ 1 ಮಿಲಿಗ್ರಾಂ ರಕ್ತನಾಳಕ್ಕೆ (ಐವಿ), 3ರಿಂದ 5 ನಿಮಿಷಕ್ಕೊಮ್ಮೆ. ಜೋರು ಅಲರ್ಜಿ ಆಗಿ ಉಸಿರು ಕಟ್ಟಿದ ದೊಡ್ಡವರಿಗೆ ಅದೇ ಆಂಪ್ಯೂಲಿನ ಅರ್ಧ, ತೊಡೆಯ ಮಾಂಸಖಂಡಕ್ಕೆ. ದಾರಿ ತಪ್ಪಿದ್ರೆ ಮದ್ದೇ ಅಪಾಯ, ಹಾಗಾಗಿ ಡೋಸಿನ ಜೊತೆ ದಾರಿಯನ್ನೂ ಒಂದೇ ಉಸಿರಲ್ಲಿ ಹೇಳಿ ಅಭ್ಯಾಸ ಮಾಡಿ. ಮತ್ತೆ ಪ್ರಜ್ಞೆ ಇಲ್ಲದವರು, ತೊದಲುವವರು ಯಾರೇ ಸಿಕ್ಲಿ, ಶುಗರ್ ನೋಡಿ. ಕುಡಿದಿದ್ದಾರೆ ಅಂತ ಜನ ಬದಿಗೆ ತಳ್ಳಿದವರ ಶುಗರ್ 40ಕ್ಕೆ ಇಳಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪುಸ್ತಕ ಎಲ್ಲ ಕಾಯಿಲೆಯನ್ನೂ ಒಂದೇ ಸಮ ಬರೆದಿರ್ತದೆ, ಆದ್ರೆ ನಮ್ಮ ಕರಾವಳಿಯ ಕೇಸು ಬೇರೆ, ಅದನ್ನು ಎರಡು ಪಟ್ಟು ಓದಿ. ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರು. ಅವರನ್ನು ಕೂರಿಸಿ ನೀರು ಕುಡಿಸುದು, ಹೆಗಲಿಗೆ ಕೈ ಹಾಕಿ ನಡೆಸುದು ತೋಟದಲ್ಲಿ ನಡೀತದೆ, ನೀವು ಹೋದ ಕೂಡ್ಲೇ ಒಬ್ಬರು ತಲೆ ಹಿಡಿದು ಅಲ್ಲಾಡದ ಹಾಗೆ ನಿಲ್ಲಿಸ್ಬೇಕು, ಆಮೇಲೆ ಕಾಲರ್, ಆಮೇಲೆ ಎಲ್ಲರೂ ಒಟ್ಟಿಗೆ ತಿರುಗಿಸುದು, ತಲೆ ಹಿಡಿದವರೇ ಎಣಿಸುದು. ನೀರಿಗೆ ಬಿದ್ದವರು, ಮಲ್ಪೆ ಪಣಂಬೂರು ಮಾತ್ರ ಅಲ್ಲ, ಕೆರೆ ಬಾವಿ ಹೊಳೆ ಎಲ್ಲ ಸೇರಿ. ಅವರಿಗೆ ನಿಂತದ್ದು ಉಸಿರು, ಆಮೇಲೆ ಹೃದಯ, ಹಾಗಾಗಿ ಅಲ್ಲಿ ಮೊದಲು ಉಸಿರು ಕೊಡುದು. ಹೊಟ್ಟೆ ಒತ್ತಿ ನೀರು ತೆಗಿಲಿಕ್ಕೆ ಹೋಗ್ಬಾರ್ದು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗ್ತದೆ.

ಹಾವು ಕಚ್ಚಿದ್ದು ಒಂದು ಇಡೀ ವಾರ ಓದುವ ವಿಷಯ. ನಮ್ಮಲ್ಲಿ ಸಿಗುವ ಇಂಜೆಕ್ಷನ್ ನಾಗರ, ಕಡಂಬಳ (ಇಂಗ್ಲಿಷಲ್ಲಿ ಕ್ರೇಟ್), ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಘಟ್ಟದ ಬುಡದಲ್ಲಿ ಸಿಗುವ ಮೂಗು ಮೇಲೆದ್ದ ಗುಳಿ ಮಂಡಲಕ್ಕೆ ಅದು ನಾಟುದಿಲ್ಲ. ಕಟ್ಟು ಹಾಕ್ಬಾರ್ದು, ಕುಯ್ಬಾರ್ದು, ಕೈಕಾಲು ಅಲ್ಲಾಡದ ಹಾಗೆ ಸ್ಪ್ಲಿಂಟ್ ಹಾಕಿ ಮಲಗಿಸಿಯೇ ತರ್ಬೇಕು. ಕಡಂಬಳ ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚಿದ್ರೆ ನೋವೇ ಇರ್ಲಿಕ್ಕಿಲ್ಲ, ಬೆಳಿಗ್ಗೆ ಹೊಟ್ಟೆನೋವು ಅಂತ ಏಳ್ತಾರೆ, ರೆಪ್ಪೆ ಇಳೀತದೆ, ಆಮೇಲೆ ಉಸಿರು ನಿಲ್ತದೆ. ರೆಪ್ಪೆ ಇಳಿದದ್ದು ಕಂಡ್ರೆ ಆಂಬು ಬ್ಯಾಗ್ (ಕೈಯಲ್ಲಿ ಹಿಚುಕಿ ಉಸಿರು ಕೊಡುವ ಚೀಲ) ಕೈಯಲ್ಲಿ ರೆಡಿ ಇರ್ಬೇಕು. ಆಸ್ಪತ್ರೆಯಲ್ಲಿ ಒಣ ಗಾಜಿನ ಟ್ಯೂಬಿಗೆ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಹೆಪ್ಪುಗಟ್ತದಾ ಅಂತ ನೋಡುವ ಟೆಸ್ಟ್ ಉಂಟು, ಅದನ್ನು ಪೋಸ್ಟಿಂಗಲ್ಲಿ ಪಕ್ಕದಲ್ಲೇ ನಿಂತು ನೋಡಿ.

ಟ್ರಯಾಜ್, ಅಂದ್ರೆ ತುಂಬ ಜನಕ್ಕೆ ಒಟ್ಟಿಗೆ ಪೆಟ್ಟಾದಾಗ ಯಾರನ್ನು ಮೊದಲು ನೋಡುದು ಅಂತ ವಿಂಗಡಿಸುದು, ಅದನ್ನು ಕೂಡ ಉದಾಸೀನ ಮಾಡ್ಬೇಡಿ. 2010ರ ಮೇ 22ರಂದು ಮಂಗಳೂರು ಏರ್‌ಪೋರ್ಟಿನಲ್ಲಿ ವಿಮಾನ ಬಿದ್ದು 158 ಜನ ಹೋದ್ರು, 8 ಜನ ಉಳಿದ್ರು, ಇದು ನಮ್ಮ ಊರಲ್ಲೇ ಆದದ್ದು. ಸ್ಟಾರ್ಟ್ ಅನ್ನುವ ಟ್ರಯಾಜ್ ವಿಧಾನಕ್ಕೆ ಮೂರೇ ನೆನಪು: ಉಸಿರು ನಿಮಿಷಕ್ಕೆ 30 ದಾಟಿತಾ, ಉಗುರು ಒತ್ತಿ ಬಿಟ್ರೆ ಬಣ್ಣ ವಾಪಾಸ್ ಬರ್ಲಿಕ್ಕೆ 2 ಸೆಕೆಂಡಿಗಿಂತ ಜಾಸ್ತಿ ಬೇಕಾ, ಹೇಳಿದ್ದು ಕೇಳ್ತಾರಾ. ಯಾವುದಾದ್ರೂ ಒಂದು ತಪ್ಪಿದ್ರೆ ಕೆಂಪು ಪಟ್ಟಿ, ಅಂದ್ರೆ ಅವರನ್ನು ಮೊದಲು ಸಾಗಿಸುದು. ನಡೆಯುವವರಿಗೆಲ್ಲ ಮೊದಲೇ ಹಸಿರು, ಅಂದ್ರೆ ಅವರು ಸ್ವಲ್ಪ ಕಾಯ್ಬಹುದು.

ಪೋಸ್ಟಿಂಗ್ ಸಿಕ್ಕಿದಾಗ ರಾತ್ರಿ ಡ್ಯೂಟಿ ಕೇಳಿ ತಗೊಳ್ಳಿ, ಆಗ ಕಲಿಸ್ಲಿಕ್ಕೆ ಸಿಸ್ಟರಿಗೂ ಸ್ವಲ್ಪ ಪುರುಸೊತ್ತು ಇರ್ತದೆ. ಆಂಬುಲೆನ್ಸ್ ಬಂದಾಗ ಡಾಕ್ಟರಿಗೆ ಹ್ಯಾಂಡ್‌ಓವರ್ ಕೊಡುದನ್ನು ಕಿವಿಗೊಟ್ಟು ಕೇಳಿ: ವಯಸ್ಸು, ಎಷ್ಟೊತ್ತಿಗೆ ಆದದ್ದು, ಹೇಗೆ ಆದದ್ದು, ಎಲ್ಲಿ ಪೆಟ್ಟು, ಪಲ್ಸ್ ಬಿಪಿ ಎಷ್ಟು, ನಾವು ಎಂತ ಕೊಟ್ಟಿದ್ದೇವೆ. ಅರ್ಧ ನಿಮಿಷದಲ್ಲಿ ಮುಗೀಬೇಕು, ರೂಮಿಗೆ ಬಂದು ಫೋನಲ್ಲಿ ನಿಮ್ಮದೇ ದನಿ ರೆಕಾರ್ಡ್ ಮಾಡಿ ಕೇಳಿ. ಲಾಗ್‌ಬುಕ್ಕಿಗೆ ಸೈನ್ ಅವತ್ತವತ್ತೇ ಹಾಕಿಸ್ಕೊಳ್ಳಿ, ತಿಂಗಳು ಬಿಟ್ಟು ಹೋದ್ರೆ ಆ ಡಾಕ್ಟರಿಗೆ ನಿಮ್ಮ ಮುಖವೂ ನೆನಪಿರುದಿಲ್ಲ, ಕೇಸೂ ನೆನಪಿರುದಿಲ್ಲ.