ಲಿಪಿಡ್ ಪದರದ ಬಿಗಿತವನ್ನು ಬೆಳಕಿನಿಂದ ಅಳೆಯುವುದು ಹೇಗೆ?

ಜೀವಕೋಶದ ಹೊದಿಕೆಯಲ್ಲಿ ಲಿಪಿಡ್ ಎಂಬ ಕೊಬ್ಬಿನಂಥ ಅಣುಗಳು ಎರಡು ಪದರವಾಗಿ ನಿಂತಿರುತ್ತವೆ. ಅವುಗಳ ಬಾಲ ನೆಟ್ಟಗೆ ಒತ್ತೊತ್ತಾಗಿದೆಯೋ, ಬಾಗಿ ಸಡಿಲವಾಗಿದೆಯೋ? ಲಾರ್ಡಾನ್ ಎಂಬ ಹೊಳೆಯುವ ಬಣ್ಣ ಬೆರೆಸಿದರೆ ಪರೋಕ್ಷವಾಗಿ ಗೊತ್ತಾಗುತ್ತದೆ. ಬಿಗಿ ಪದರದಲ್ಲಿ ಅದು 440 ನ್ಯಾನೋಮೀಟರ್ ಹತ್ತಿರ ನೀಲಿಯಾಗಿ ಹೊಳೆಯುತ್ತದೆ. ಪದರ ಸಡಿಲವಾದರೆ ನೀರು ಒಳಗೆ ನುಸುಳಿ, ಹೊಳಪು 490ರ ಕಡೆ ಸರಿಯುತ್ತದೆ.

ಹೊಸಬರು ಡಿಪಿಪಿಸಿ ಎಂಬ ಲಿಪಿಡ್‌ನಿಂದಲೇ ಶುರು ಮಾಡಿ. ಅದು ಸುಮಾರು 41 ಡಿಗ್ರಿಗೆ ಸಡಿಲವಾಗುತ್ತದೆ. ಉತ್ತರ ಮೊದಲೇ ಗೊತ್ತಿದ್ದರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ ಅಲ್ವಾ?

ಮೊದಲು ಲಿಪಿಡ್ ಮತ್ತು ಲಾರ್ಡಾನ್ ಎರಡನ್ನೂ ಕ್ಲೋರೊಫಾರ್ಮ್‌ನಲ್ಲಿ ಬೆರೆಸಿ. 500 ಲಿಪಿಡ್ ಅಣುಗಳಿಗೆ ಒಂದು ಲಾರ್ಡಾನ್ ಸಾಕು. ಗಾಜಿನ ಸಿರಿಂಜ್ ಮಾತ್ರ ಬಳಸಿ. ಪ್ಲಾಸ್ಟಿಕ್ ಟಿಪ್ ಆದರೆ ಕ್ಲೋರೊಫಾರ್ಮ್ ಅದರಲ್ಲಿರುವುದನ್ನು ಕರಗಿಸಿಕೊಂಡು ಬರುತ್ತದೆ. ಆಮೇಲೆ ನೈಟ್ರೋಜನ್ ಹಾಯಿಸಿ ಒಣಗಿಸಿ, ರಾತ್ರಿಯಿಡೀ ವ್ಯಾಕ್ಯೂಮ್‌ನಲ್ಲಿಡಿ.

ಇನ್ನು ಬಫರ್ (ಆಮ್ಲತೆ ಏರುಪೇರಾಗದ ದ್ರಾವಣ) ಹಾಕಿ, ಎಕ್ಸ್‌ಟ್ರೂಡರ್ ಎಂಬ ಸಾಧನದ ಫಿಲ್ಟರ್ ಮೂಲಕ ದೂಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಬಫರ್, ಬಾಟಲಿ, 100 ನ್ಯಾನೋಮೀಟರ್ ರಂಧ್ರದ ಫಿಲ್ಟರ್ ಕೂರಿಸಿದ ಎಕ್ಸ್‌ಟ್ರೂಡರ್, ಎಲ್ಲವೂ 50 ಡಿಗ್ರಿ ದಾಟಿರಲಿ. ತಣ್ಣಗಿದ್ದರೆ ಪದರ ಗಟ್ಟಿಯಾಗಿಯೇ ಉಳಿದು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಒತ್ತಿ ದೂಡಿದರೆ ಹರಿದೂ ಹೋಗುತ್ತದೆ. ದ್ರಾವಣ ಹಾಲಿನಂತೆ ಬೆಳ್ಳಗೇ ಉಳಿದರೆ ಕೆಲಸ ಮುಗಿದಿಲ್ಲ ಎಂದೇ ತಿಳಿಯಿರಿ. ಚದುರಿದ ಬೆಳಕು ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಲಾರ್ಡಾನ್ ಇಲ್ಲದ ಇನ್ನೊಂದು ಮಾದರಿ ಮಾಡಿಟ್ಟುಕೊಂಡು, ಅದರ ಓದನ್ನು ಕಳೆಯಲೇಬೇಕು.

ಕ್ವಾರ್ಟ್ಸ್ ಕ್ಯುವೆಟ್‌ಗೆ (ಬೆಳಕು ಹಾಯುವ ಪುಟ್ಟ ಪಾತ್ರೆ) ತುಂಬಿ, ಹೊಳಪು ಅಳೆಯುವ ಯಂತ್ರದಲ್ಲಿಟ್ಟು 340 ನ್ಯಾನೋಮೀಟರ್ ಬೆಳಕು ಹಾಯಿಸಿ. ಬಳಸಿ ಬಿಸಾಡುವ ಪ್ಲಾಸ್ಟಿಕ್ ಕ್ಯುವೆಟ್ ಬೇಡವೇ ಬೇಡ, ಕೆಲವು ತಾವೇ ಬೆಳಕು ನುಂಗುತ್ತವೆ, ಕೆಲವು ಹೊಳೆಯುತ್ತವೆ ಕೂಡ. ಒಂದೊಂದೇ ಡಿಗ್ರಿ ಬಿಸಿ ಮಾಡುತ್ತಾ ಅಳೆಯುವಾಗ, ಕ್ಯುವೆಟ್ ಬಿಸಿ ಮಾಡುವ ನೀರಿನ ಬಾತ್ ತೋರಿಸುವ ಉಷ್ಣತೆಯನ್ನು ನಂಬಬೇಡಿ. ಅಲ್ಲಿ 41 ಇದ್ದರೂ ಕ್ಯುವೆಟ್‌ನೊಳಗೆ ಕಡಿಮೆ ಇರಬಹುದು. ಉಷ್ಣತೆ ಅಳೆಯುವ ಸಣ್ಣ ಥರ್ಮೋಕಪಲ್ ತಂತಿಯನ್ನು ದ್ರಾವಣಕ್ಕೇ ಇಳಿಸಿ, ಅದರ ಓದು ನಿಂತ ಮೇಲೆ ಅಳೆಯಿರಿ. ಕಾಯುವಾಗ ಶಟರ್ ಮುಚ್ಚಿ, ಇಲ್ಲದಿದ್ದರೆ ಲಾರ್ಡಾನ್ ಸುಮ್ನೆ ಮಾಸುತ್ತದೆ.

440ರ ಓದಿನಿಂದ 490ರದ್ದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಇದೇ ಜಿಪಿ, ಅಂದರೆ ಪದರದ ಬಿಗಿತ ತೋರಿಸುವ ಅಂಕಿ. ಬಿಗಿ ಪದರದಲ್ಲಿ ಜಾಸ್ತಿ, 41 ದಾಟಿದರೆ ಧಡಕ್ಕನೆ ಇಳಿಯುತ್ತದೆ. ಬೇರೆ ಯಂತ್ರದ ಅಂಕಿಯೊಂದಿಗೆ ಹೋಲಿಸಬೇಡಿ. ಲಾರ್ಡಾನ್ ಹೇಳುವುದು ನೀರಿನ ಕಥೆ. ಬಾಲಗಳನ್ನೇ ನೋಡಬೇಕಾದರೆ ಎಫ್‌ಟಿಐಆರ್ ಎಂಬ ಇನ್‌ಫ್ರಾರೆಡ್ ಬೆಳಕಿನ ಅಳತೆ ಬೇಕು.

ಕೊನೆಗೆ ತಣಿಸುತ್ತಲೂ ಅಳೆಯಿರಿ. ಬಿಸಿ ಮಾಡುವಾಗಿನ ಮತ್ತು ತಣಿಸುವಾಗಿನ ಎರಡು ಗೆರೆಗಳ ನಡುವೆ ಅಲ್ಪ ಅಂತರ ಸಹಜ. ಅಂತರ ಹಲವು ಡಿಗ್ರಿ ಬಂದರೆ ಅವಸರ ಮಾಡಿದ್ದೀರಿ. ಪ್ರತಿ ಡಿಗ್ರಿಗೂ ಇನ್ನಷ್ಟು ಹೊತ್ತು ಕಾದು ಮತ್ತೆ ಅಳೆಯಿರಿ.